ಉಪ್ಪುನೀರಿನ ಮಕ್ಕಳು, ಸಿಹಿನೀರಿನ ಕೊಳ

1994ರ ಜೂನ್ ತಿಂಗಳ ಜಡಿಮಳೆಯಲ್ಲಿ ನಾನು ಕಾರವಾರದ ಕಾಲೇಜೊಂದಕ್ಕೆ ದೈಹಿಕ ಶಿಕ್ಷಣ ಬೋಧಕನಾಗಿ ಸೇರಿದೆ. ಕ್ರೀಡಾ ಕೊಠಡಿಯ ಕಪಾಟಿನಲ್ಲಿ ಎರಡು ವಾಲಿಬಾಲ್, ಹರಿದ ಒಂದು ನೆಟ್, ತುಕ್ಕು ಹಿಡಿದ ಕಬ್ಬಿಣದ ಗುಂಡು ಮತ್ತು ನನಗಿಂತ ಹಿಂದಿನವರು ಮರೆತುಹೋದ ಒಂದು ಕೊಡೆ ಇದ್ದವು. ಕಿಟಕಿ ತೆರೆದರೆ ಸಮುದ್ರ ಕಾಣುತ್ತಿತ್ತು. ಆದರೂ ಆ ಕಾಲೇಜಿನಿಂದ ಅಂತರ ಕಾಲೇಜು ಈಜು ಸ್ಪರ್ಧೆಗೆ ಅದುವರೆಗೆ ಒಬ್ಬ ವಿದ್ಯಾರ್ಥಿಯೂ ಹೋಗಿರಲಿಲ್ಲ. ಕಾರಣ ಕೇಳಿದಾಗ ‘ನಮ್ಮಲ್ಲಿ ಈಜುಕೊಳ ಇಲ್ಲವಲ್ಲ’ ಎಂದರು.

ನಾನು ಸಮುದ್ರದ ಮನುಷ್ಯನಲ್ಲ. ಶಿರಸಿ ಸೀಮೆಯ ಅಡಿಕೆ ತೋಟದ ಮಗ್ಗುಲಲ್ಲಿ ಹುಟ್ಟಿ, ಸೊಂಟಕ್ಕೆ ಬಾಳೆದಿಂಡು ಕಟ್ಟಿಕೊಂಡು ಅಘನಾಶಿನಿಯ ಗುಂಡಿಯೊಂದರಲ್ಲಿ ಈಜು ಕಲಿತವನು. ಬೈತಖೋಲ, ಮಾಜಾಳಿ, ದೇವಬಾಗ, ಚಿತ್ತಾಕುಲದ ಕಡೆಯಿಂದ ಕಾಲೇಜಿಗೆ ಬರುತ್ತಿದ್ದ ಹುಡುಗರಲ್ಲಿ ಹಲವರು ನಡೆಯುವುದಕ್ಕೂ ಈಜುವುದಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸಿನಲ್ಲಿ ತೊಡಗಿದವರು. ರಾಂಪಣಿ ಬಲೆ ಎಳೆದು ಎಳೆದು ಅವರ ಭುಜಗಳು ಹುರಿಗೊಂಡಿದ್ದವು. ಅವರ ಮುಂದೆ ನಾನು ತರಬೇತುದಾರನೆಂದು ನಿಲ್ಲುವುದಕ್ಕೆ ಮೊದಮೊದಲು ನನಗೇ ನಾಚಿಕೆಯಾಗುತ್ತಿತ್ತು. ಇಂಥವರನ್ನು ಕೊಳಕ್ಕೆ ಇಳಿಸಿದರೆ ಸಾಕು, ಪದಕ ತಾನಾಗಿ ಬರುತ್ತದೆ ಎಂದು ನಾನು ಮನಸಾರೆ ನಂಬಿದ್ದೆ.

ಆ ನಂಬಿಕೆ ಧಾರವಾಡದಲ್ಲಿ ಮುರಿಯಿತು. ಎಂಟು ಹುಡುಗರನ್ನು ಕರೆದುಕೊಂಡು ಅರಬೈಲ್ ಘಟ್ಟ ಹತ್ತುವ ಬಸ್ಸಿನಲ್ಲಿ ಹೋಗಿದ್ದೆ. ನೂರು ಮೀಟರ್ ಫ್ರೀಸ್ಟೈಲ್‌ನಲ್ಲಿ ನಮ್ಮ ಹುಡುಗ ಗೋಡೆ ಸಿಗುವವರೆಗೆ ಎಲ್ಲರಿಗಿಂತ ಮುಂದಿದ್ದ. ಗೋಡೆ ಸಿಕ್ಕೊಡನೆ ಕೈಯಿಂದ ಹಿಡಿದು ನಿಂತು, ಉಸಿರು ಬಿಟ್ಟು, ದೋಣಿ ತಿರುಗಿಸುವ ಹಾಗೆ ಸಾವಕಾಶ ಮೈ ತಿರುಗಿಸಿದ. ಅಷ್ಟರಲ್ಲಿ ಪಕ್ಕದ ಲೇನ್‌ನವನು ನೀರಿನೊಳಗೆ ಲಾಗ ಹಾಕಿ, ಗೋಡೆಯನ್ನು ಒದ್ದು, ಮುಂದೆ ಹೋಗಿಯಾಗಿತ್ತು. ಬಟರ್‌ಫ್ಲೈ ಈಜಿದ ಇನ್ನೊಬ್ಬ ಹುಡುಗ ಎರಡನೆಯವನಾಗಿ ಬಂದರೂ ಅನರ್ಹನಾದ, ಏಕೆಂದರೆ ಬಟರ್‌ಫ್ಲೈ ಮತ್ತು ಬ್ರೆಸ್ಟ್ ಸ್ಟ್ರೋಕ್‌ಗಳಲ್ಲಿ ತಿರುವಿನಲ್ಲೂ ಕೊನೆಯಲ್ಲೂ ಎರಡೂ ಕೈಗಳು ಒಟ್ಟಿಗೆ ಗೋಡೆಯನ್ನು ಮುಟ್ಟಬೇಕೆಂಬ ನಿಯಮವಿದೆ. ಅವನು ಒಂದೇ ಕೈಯಿಂದ ಮುಟ್ಟಿದ್ದ. ನಿಯಮ ನನಗೆ ಗೊತ್ತಿತ್ತು. ಅವನಿಗೆ ಹೇಳಿಯೂ ಇದ್ದೆ. ಆದರೆ ತಿರುಗುವುದಕ್ಕೆ ಗೋಡೆಯೇ ಇಲ್ಲದ ಕಡಲಿನಲ್ಲಿ ಅಭ್ಯಾಸ ಮಾಡಿದವನಿಗೆ ಬಾಯಿಮಾತಿನ ನಿಯಮ ಎಷ್ಟರಮಟ್ಟಿಗೆ ಕೈಗೆ ಇಳಿದೀತು? ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗರು ಹಾಡುತ್ತಿದ್ದರು. ನಾನು ಮಾತ್ರ ಕಿಟಕಿಯ ಪಕ್ಕ ಸುಮ್ಮನೆ ಕುಳಿತಿದ್ದೆ.

ಊರಿಗೆ ಮರಳಿದ ಮೇಲೆ ಅವರ ಈಜನ್ನು ಮತ್ತೆ ಮೊದಲಿನಿಂದ ನೋಡತೊಡಗಿದೆ. ಕಡಲಿನಲ್ಲಿ ಈಜುವವನು ತಲೆ ಎತ್ತಿಕೊಂಡೇ ಈಜುತ್ತಾನೆ, ಏಕೆಂದರೆ ಅವನಿಗೆ ಬರುವ ಅಲೆ ಕಾಣಬೇಕು, ದೋಣಿ ಕಾಣಬೇಕು, ದಡ ಎತ್ತ ಎಂಬುದು ತಿಳಿಯಬೇಕು. ಉಪ್ಪುನೀರು ಆ ತಪ್ಪನ್ನು ಮುಚ್ಚಿಕೊಳ್ಳುತ್ತದೆ. ಒಂದು ಲೀಟರ್ ಸಿಹಿನೀರು ಸುಮಾರು ಒಂದು ಕಿಲೋ ತೂಗಿದರೆ ಸಮುದ್ರದ ನೀರು ಅದಕ್ಕಿಂತ ಇಪ್ಪತ್ತೈದು ಗ್ರಾಮಿನಷ್ಟು ಹೆಚ್ಚು ತೂಗುತ್ತದೆ. ವ್ಯತ್ಯಾಸ ಸಣ್ಣದೆನಿಸಿದರೂ ಆ ನೀರು ಈಜುಗಾರನ ಸೊಂಟವನ್ನೂ ಕಾಲನ್ನೂ ತಾನೇ ಎತ್ತಿ ಹಿಡಿಯುತ್ತದೆ. ಅದೇ ಹುಡುಗ ಕೊಳದ ಸಿಹಿನೀರಿನಲ್ಲಿ ತಲೆ ಎತ್ತಿದರೆ ಸೊಂಟ ಕುಸಿದು, ಕಾಲುಗಳು ಲಂಗರಿನಂತೆ ಕೆಳಗೆ ಜೋತುಬೀಳುತ್ತವೆ. ಅಂದರೆ ನಾನು ಕಲಿಸಬೇಕಾದದ್ದು ಈಜನ್ನಲ್ಲ. ಹದಿನೆಂಟು ವರ್ಷ ಅವರ ಜೀವ ಕಾಪಾಡಿದ ಅಭ್ಯಾಸವೊಂದನ್ನು ಬಿಡಿಸಬೇಕಾಗಿತ್ತು, ಮತ್ತು ಸಮುದ್ರಕ್ಕೆ ಇಳಿದಾಗ ಅದೇ ಅಭ್ಯಾಸ ಅವರಿಗೆ ಮರಳಿ ಬರುವಂತೆಯೂ ನೋಡಿಕೊಳ್ಳಬೇಕಾಗಿತ್ತು.

ಇದಕ್ಕೆ ಕೊಳವೇ ಬೇಕು. ಸಂಸ್ಥೆಯೊಂದರ ಇಪ್ಪತ್ತೈದು ಮೀಟರಿನ ಕೊಳದಲ್ಲಿ ಬೆಳಗಿನ ಐದೂವರೆಯಿಂದ ಆರೂವರೆಯವರೆಗೆ ಒಂದು ಗಂಟೆಯ ಅವಕಾಶ ಸಿಗುವಷ್ಟರಲ್ಲಿ ಎರಡು ವರ್ಷ ಕಳೆಯಿತು. ಅರ್ಜಿಗಳ ಕಥೆಯನ್ನು ಇಲ್ಲಿ ಬಿಟ್ಟುಬಿಡುತ್ತೇನೆ. ಬೀಗದ ಕೈ ಇದ್ದವರು ಅನೇಕ ದಿನ ಆರು ಗಂಟೆಗೆ ಬರುತ್ತಿದ್ದರು, ನಾವು ಗೇಟಿನ ಹೊರಗೆ ದಂಡ ಬಸ್ಕಿ ಹೊಡೆಯುತ್ತಿದ್ದೆವು ಎಂದಷ್ಟು ಹೇಳಿದರೆ ಸಾಕು.

ಸಿಕ್ಕಿದ ಒಂದು ಗಂಟೆಯಲ್ಲಿ ಮೊದಲ ತಿಂಗಳು ನಾನು ಯಾರನ್ನೂ ಈಜಲು ಬಿಡಲಿಲ್ಲ. ಗೋಡೆಯನ್ನು ಒದ್ದು, ಎರಡೂ ತೋಳುಗಳನ್ನು ಕಿವಿಗೆ ಒತ್ತಿ, ಅಂಗೈಯ ಮೇಲೆ ಅಂಗೈ ಇಟ್ಟು, ಮುಖವನ್ನು ಕೆಳಗೆ ಮಾಡಿ, ಕೈಕಾಲು ಆಡಿಸದೆ ಎಷ್ಟು ದೂರ ಜಾರಿಹೋಗುತ್ತಾರೆ ಎಂಬುದನ್ನಷ್ಟೇ ದಡದಲ್ಲಿ ಸುಣ್ಣದ ಗುರುತು ಹಾಕಿ ಅಳೆಯುತ್ತಿದ್ದೆ. ಬಲವಾದ ಹುಡುಗರು ನಾಲ್ಕು ಮೀಟರಿಗೆ ನಿಂತುಬಿಡುತ್ತಿದ್ದರು. ಸಣಕಲನೊಬ್ಬ ಎಂಟು ಮೀಟರ್ ಜಾರಿದಾಗ ಉಳಿದವರಿಗೆ ತಾವು ಕಲಿಯಬೇಕಾದದ್ದು ಇದೆಯೆಂದು ಮೊದಲ ಸಲ ಅನ್ನಿಸಿತು. ಕಾಲಿನ ಅಭ್ಯಾಸಕ್ಕೆ ಹಿಡಿದುಕೊಳ್ಳುವ ಹಲಗೆಗಳನ್ನು ಕೊಳ್ಳಲು ಹಣವಿರಲಿಲ್ಲವಾಗಿ ನನ್ನ ಬಾಲ್ಯದ ಬಾಳೆದಿಂಡನ್ನೇ ಮೊಳದುದ್ದ ಕತ್ತರಿಸಿ ತಂದೆ. ಅದರ ಸೊನೆಯಿಂದ ಕೊಳದ ನೀರು ಕೆಡುತ್ತದೆಂದು ಆಕ್ಷೇಪ ಬಂದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಟ್ಟಿ ಬಳಸಿದೆವು.

ಆಮೇಲೆ ತೋಳಿನ ಎಣಿಕೆ. ಇಪ್ಪತ್ತೈದು ಮೀಟರಿಗೆ ಎಷ್ಟು ಸಲ ಕೈ ಬೀಸುತ್ತಾರೆ ಎಂಬುದನ್ನು ಪ್ರತಿ ಸೋಮವಾರ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಧಾರವಾಡದಲ್ಲಿ ಗೋಡೆ ಹಿಡಿದು ನಿಂತ ಹುಡುಗನ ಹೆಸರಿನ ಮುಂದೆ ಮೊದಲ ವಾರ ಇಪ್ಪತ್ತೇಳು ಎಂದಿದೆ, ನಾಲ್ಕು ತಿಂಗಳ ನಂತರ ಹತ್ತೊಂಬತ್ತು. ಅವನ ಶಕ್ತಿ ಅಷ್ಟೇ ಇತ್ತು. ತಲೆ ಕೆಳಗಿಳಿದು ಕಾಲು ಮೇಲೆ ಬಂದಿತ್ತು. ತಿರುವಿನ ಅಭ್ಯಾಸವನ್ನು ಮಾತ್ರ ನಾನು ಯಾವ ದಿನವೂ ಬಿಟ್ಟವನಲ್ಲ. ಗೋಡೆಯಿಂದ ಒಂದು ಮಾರು ದೂರದಲ್ಲಿ ಕೊನೆಯ ಕೈ, ಗಲ್ಲ ಎದೆಗೆ, ಲಾಗ, ಅಂಗಾಲು ಗೋಡೆಗೆ: ದಿನಕ್ಕೆ ನಲವತ್ತು ಸಲ. ತಿರುಗಿದ ಮೇಲೆ ನೀರಿನೊಳಗೇ ಹದಿನೈದು ಮೀಟರ್‌ವರೆಗೆ ಹೋಗಲು ನಿಯಮದಲ್ಲಿ ಅವಕಾಶವಿದೆ, ಮತ್ತು ಉಸಿರು ಹಿಡಿದು ಮುಳುಗುವುದರಲ್ಲಿ ನಮ್ಮ ಹುಡುಗರನ್ನು ಮೀರಿಸುವವರು ಘಟ್ಟದ ಮೇಲೆ ಇರಲಿಲ್ಲ. ಕಡಲು ಕೊಟ್ಟದ್ದರಲ್ಲಿ ಕೊಳದಲ್ಲೂ ಉಪಯೋಗಕ್ಕೆ ಬಂದದ್ದು ಇದು. ಮುಂದೆ ಕೆಲವು ವರ್ಷಗಳಲ್ಲಿ ನಾವು ರಿಲೇಗಳನ್ನು ಗೆದ್ದದ್ದು ಬಹುಪಾಲು ಈ ತಿರುವುಗಳಿಂದಲೇ.

ಒಂದು ಗಂಟೆಯ ಕೊಳದಿಂದ ದಮ್ಮು ಕಟ್ಟಲಾಗದು. ದೂರದ ಈಜಿಗೆ ಕಾಳಿ ನದಿಯ ಅಳಿವೆಗೇ ಹೋಗಬೇಕಾಗಿತ್ತು. ಅಲ್ಲಿ ನಮ್ಮ ವೇಳಾಪಟ್ಟಿಯನ್ನು ನಿರ್ಧರಿಸುತ್ತಿದ್ದದ್ದು ಕಾಲೇಜಿನ ಗಂಟೆಯಲ್ಲ, ಭರತಿ ಮತ್ತು ಇಳಿತ. ಭರತಿ ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೆಳೆತ ಹೆಚ್ಚು, ಅಷ್ಟಮಿ ನವಮಿಯ ಸುಮಾರಿಗೆ ಕಡಿಮೆ. ಆದ್ದರಿಂದ ತಿಂಗಳ ಮೊದಲ ದಿನ ಪಂಚಾಂಗ ಮುಂದಿಟ್ಟುಕೊಂಡು ಅಭ್ಯಾಸದ ಹೊತ್ತನ್ನು ಬರೆದು ನೋಟಿಸ್ ಬೋರ್ಡಿಗೆ ಹಚ್ಚುತ್ತಿದ್ದೆ. ದೈಹಿಕ ಶಿಕ್ಷಣದ ಮಾಸ್ತರು ತಿಥಿ ನೋಡಿ ಪಾಠ ಮಾಡುತ್ತಾರೆಂದು ಸಹೋದ್ಯೋಗಿಗಳು ನಗುತ್ತಿದ್ದರು. ನೀರು ನಿಲ್ಲುವ ಹೊತ್ತಿನಲ್ಲಿ ಮಾತ್ರ ಗಡಿಯಾರ ಹಿಡಿದು ಈಜಿಸಬಹುದಾಗಿತ್ತು, ಮತ್ತು ಪಕ್ಕದಲ್ಲಿ ಒಂದು ಪಾತಿ ದೋಣಿ ಇರದೆ ಯಾರೂ ನೀರಿಗೆ ಇಳಿಯುವಂತಿರಲಿಲ್ಲ.

ಡೈವಿಂಗ್ ನಮ್ಮ ಪಾಲಿಗೆ ಬಂದದ್ದು ಲೆಕ್ಕಾಚಾರದಿಂದ. ಈಜಿನ ಪ್ರತಿ ವಿಭಾಗದಲ್ಲಿ ಪೈಪೋಟಿ ಹೆಚ್ಚು. ಡೈವಿಂಗ್‌ಗೆ ಹೆಸರು ಕೊಡುವ ಕಾಲೇಜುಗಳೇ ಕಡಿಮೆ. ಐವರು ತೀರ್ಪುಗಾರರಿದ್ದರೆ ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಅಂಕಗಳನ್ನು ಬಿಟ್ಟು, ಉಳಿದ ಮೂರನ್ನು ಕೂಡಿಸಿ, ಆ ಜಿಗಿತದ ಕಷ್ಟಾಂಕದಿಂದ ಗುಣಿಸುತ್ತಾರೆ. ಒಂದು ಮೀಟರ್ ಸ್ಪ್ರಿಂಗ್‌ಬೋರ್ಡಿನಿಂದ ಮುಂದಕ್ಕೆ ಒಂದೂವರೆ ಲಾಗವನ್ನು ಮುದುಡಿಕೊಂಡು ಹಾಕಿದರೆ ಕಷ್ಟಾಂಕ 1.6, ಸೊಂಟದಲ್ಲಿ ಮಡಚಿ ನೇರ ಇಳಿಯುವ ಸಾದಾ ಜಿಗಿತಕ್ಕೆ 1.3 ಮಾತ್ರ. ಆದರೆ ಲಾಗ ಒರಟಾಗಿ 5.5, 6, 6 ಬಂದರೆ ಸಿಗುವುದು 28. ಸಾದಾ ಜಿಗಿತ ಚೊಕ್ಕಟವಾಗಿ ಮೂರು ಏಳೂವರೆ ಬಂದರೆ 29.25. ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸಿದ ದಿನದಿಂದ ಹುಡುಗರು ಸರ್ಕಸ್ಸು ಬಿಟ್ಟು ಕಾಲ್ಬೆರಳು ಚಾಚುವುದನ್ನು ಕಲಿಯತೊಡಗಿದರು.

ನಮ್ಮಲ್ಲಿ ಹಲಗೆ ಇರಲಿಲ್ಲ. ಹಲಗೆಯ ಮೇಲಿನ ಹೆಜ್ಜೆಗಳನ್ನು ಕಾಲೇಜಿನ ವರಾಂಡದಲ್ಲಿ ಸೀಮೆಸುಣ್ಣದ ಗೆರೆಯ ಮೇಲೆ, ಲಾಗಗಳನ್ನು ಟ್ಯಾಗೋರ್ ಕಡಲತೀರದ ಒಣ ಮರಳಿನಲ್ಲಿ, ನೀರಿಗೆ ಇಳಿಯುವಾಗಿನ ನೇರ ಮೈಯನ್ನು ಗೋಡೆಗೆ ಕಾಲು ಚಾಚಿ ಕೈಯ ಮೇಲೆ ನಿಲ್ಲಿಸಿ ಕಲಿಸಿದೆ. ವರ್ಷಕ್ಕೊಮ್ಮೆ ಹತ್ತು ದಿನ ಬೆಂಗಳೂರಿಗೆ ಕರೆದೊಯ್ದು ನಿಜವಾದ ಹಲಗೆಯ ಮೇಲೆ ಹತ್ತಿಸುತ್ತಿದ್ದೆ. ಉಳಿದ ದಿನಗಳಲ್ಲಿ ಹಳೆಯ ಕಲ್ಲಿನ ದಕ್ಕೆಯೇ ನಮ್ಮ ಹಲಗೆ.

ಅಲ್ಲಿ ನಾನು ಮಾಡಿದ ತಪ್ಪನ್ನು ಬರೆಯಲೇಬೇಕು. ಒಂದು ಮೀಟರ್ ಹಲಗೆಯ ಕೆಳಗೂ ನೀರು ಸುಮಾರು ಮೂರೂವರೆ ಮೀಟರ್ ಆಳವಿರಬೇಕು. ದಕ್ಕೆಯ ಬಳಿ ಭರತಿಯಲ್ಲಿ ಅಷ್ಟು ಆಳವಿರುವುದನ್ನು ಒಂದು ಭಾನುವಾರ ನಾನೇ ಇಳಿದು ನೋಡಿದ್ದೆ. ಪರೀಕ್ಷೆಯಿಂದಾಗಿ ಒಂದು ವಾರ ಅಭ್ಯಾಸ ನಿಂತು, ಮುಂದಿನ ಭಾನುವಾರ ಅದೇ ಗಂಟೆಗೆ ಹೋದೆವು. ಪಂಚಾಂಗ ನೋಡಿ ನೋಟಿಸ್ ಹಚ್ಚುವ ಮನುಷ್ಯ ಅಂದು ಗಡಿಯಾರವನ್ನು ನಂಬಿದ್ದ. ನೀರು ಇಳಿದಿತ್ತು, ಕೆಸರುಬಣ್ಣದ ನೀರಿನಲ್ಲಿ ಅದು ಕಾಣುತ್ತಿರಲಿಲ್ಲ. ತಲೆಕೆಳಗಾಗಿ ಜಿಗಿದ ಹುಡುಗ ಮೇಲೆ ಬಂದಾಗ ಗಲ್ಲದಿಂದ ರಕ್ತ ಸುರಿಯುತ್ತಿತ್ತು. ಆರು ಹೊಲಿಗೆ ಬಿತ್ತು. ಗಲ್ಲದ ಬದಲು ನೆತ್ತಿ ತಾಗಿದ್ದರೆ ಕುತ್ತಿಗೆಯೇ ಹೋಗುತ್ತಿತ್ತು ಎಂದು ಡಾಕ್ಟರರು ನನ್ನನ್ನು ಹೊರಗೆ ಕರೆದು ಹೇಳಿದರು. ಮರುದಿನ ಐದು ಮೀಟರ್ ಉದ್ದದ ಬಿದಿರಿನ ಗಳುವೊಂದನ್ನು ತಂದು, ಅರ್ಧ ಮೀಟರಿಗೊಂದು ಕೆಂಪು ಪಟ್ಟಿ ಬಳಿದೆ. ದೋಣಿಯಲ್ಲಿ ಕುಳಿತವನು ಗಳುವನ್ನು ತಳಕ್ಕೆ ಊರಿ ಏಳನೆಯ ಪಟ್ಟಿ ಮುಳುಗಿದೆಯೆಂದು ಕೂಗಿ ಹೇಳುವವರೆಗೆ ಯಾರೂ ಜಿಗಿಯಬಾರದು ಎಂಬ ನಿಯಮ ಅಂದಿನಿಂದ ಬಂತು. ಹುಡುಗನ ತಂದೆ ನನ್ನ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲವೇನೋ.

ಹುಡುಗಿಯರು ತಂಡಕ್ಕೆ ಬಂದದ್ದು ಏಳನೆಯ ವರ್ಷ. ಇಳಿತದ ಹೊತ್ತಿನಲ್ಲಿ ಎದೆಮಟ್ಟದ ನೀರಿನಲ್ಲಿ ಮುಳುಗಿ ಚಿಪ್ಪಿಕಲ್ಲು ಆರಿಸುವ ಹುಡುಗಿಯರು ನಮ್ಮ ತರಗತಿಗಳಲ್ಲೇ ಇದ್ದರು. ಒಬ್ಬಳ ಮನೆಗೆ ಹೋದಾಗ ಅವಳ ತಾಯಿ, ‘ಮಾಸ್ತರ್ರೇ, ನಮ್ಮ ಹುಡುಗಿ ನೀರಿಗೆ ಹೆದರೂದಿಲ್ಲ, ಊರವರ ಬಾಯಿಗೆ ಹೆದರ್ತದೆ’ ಎಂದರು. ಪ್ರಶ್ನೆ ಉಡುಪಿನದು. ಭುಜದಿಂದ ಮೊಣಕಾಲಿನವರೆಗೆ ಮುಚ್ಚುವ ಉಡುಪು ಸ್ಪರ್ಧೆಯ ನಿಯಮಕ್ಕೂ ಒಪ್ಪುವಂಥದ್ದು; ಅದನ್ನು ತರಿಸಿ, ಮೊದಲು ತಾಯಂದಿರ ಕೈಗೆ ಕೊಟ್ಟು ತೋರಿಸಿದೆ. ಕೊಳದ ಒಂದು ಗಂಟೆಯಲ್ಲಿ ವಾರಕ್ಕೆ ಮೂರು ದಿನ ಹುಡುಗಿಯರಿಗೆ ಮಾತ್ರ ಎಂದು ಮಾಡಿದೆ. ಕನ್ನಡ ವಿಭಾಗದ ಉಪನ್ಯಾಸಕಿಯೊಬ್ಬರು ಆ ದಿನಗಳಲ್ಲಿ ದಡದಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದರು. ಮೀನು ಮಾರುವ ತಾಯಂದಿರು ನಸುಕಿನಲ್ಲೇ ಬಂದರಿಗೆ ಹೋಗುವವರಾದ್ದರಿಂದ ಮಕ್ಕಳನ್ನು ದಾರಿಯಲ್ಲಿ ತಾವೇ ಬಿಟ್ಟು ಹೋಗುತ್ತಿದ್ದರು. ಹಾಜರಾತಿಯಲ್ಲಿ ಹುಡುಗರಿಗಿಂತ ಅವರೇ ಮುಂದೆ.

ಮಳೆಗಾಲ ಪ್ರತಿ ವರ್ಷದ ಪೆಟ್ಟು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ. ಅಳಿವೆಯಲ್ಲಿ ಕೆಂಪು ನೀರು ಮರದ ಬೊಡ್ಡೆಗಳನ್ನು ಹೊತ್ತು ತರುತ್ತದೆ. ನಮ್ಮ ಸ್ಪರ್ಧೆಗಳೋ ಹೆಚ್ಚಾಗಿ ಮಳೆಯ ಬಾಲ ಹಿಡಿದೇ ಬರುತ್ತಿದ್ದವು. ವರಾಂಡದ ಕಂಬಗಳಿಗೆ ಸೈಕಲ್ ಟ್ಯೂಬು ಕಟ್ಟಿ, ಬಗ್ಗಿ ನಿಂತು ಈಜಿನ ಎಳೆತವನ್ನು ಅಭ್ಯಾಸ ಮಾಡಿಸುತ್ತಿದ್ದೆ. ವಾರದಲ್ಲಿ ಆರು ದಿನ ಕೊಳ, ಸಂಜೆ ಟ್ಯೂಬು. ಭುಜನೋವು ಎಂದವನನ್ನು ಎರಡು ದಿನ ಕೂರಿಸುವುದನ್ನು ತಡವಾಗಿ ಕಲಿತೆ. ಮೊದಲ ವರ್ಷಗಳಲ್ಲಿ ಇಬ್ಬರ ಭುಜ ಕೆಟ್ಟದ್ದು ನನ್ನ ಆತುರದಿಂದ.

ಹತ್ತನೆಯ ವರ್ಷ ಪುರುಷರ ತಂಡ ಪ್ರಶಸ್ತಿ ನಮಗೆ ಬಂತು, ಮರುವರ್ಷ ಮಹಿಳೆಯರದೂ ಸೇರಿತು. ಡೈವಿಂಗ್‌ನಲ್ಲಿ ಅಲ್ಲಿಂದ ಮುಂದೆ ನಾವು ಬರಿಗೈಯಲ್ಲಿ ಘಟ್ಟ ಇಳಿದ ನೆನಪಿಲ್ಲ. ವಿಶ್ವವಿದ್ಯಾಲಯದ ತಂಡದಲ್ಲಿ ಪ್ರತಿ ವರ್ಷ ಮೂರು ನಾಲ್ಕು ಮಂದಿ ನಮ್ಮವರೇ ಇರುತ್ತಿದ್ದರು. ಕೆಲವರು ನೌಕಾಪಡೆಗೆ ಸೇರಿದರು, ಕೆಲವರು ಗೋಕರ್ಣ, ಮುರುಡೇಶ್ವರದ ಕಡಲತೀರಗಳಲ್ಲಿ ಜೀವರಕ್ಷಕರಾದರು. ಜೀವರಕ್ಷಕನಾದವನೊಬ್ಬ ಸಿಕ್ಕಾಗ, ‘ಸರ್, ನೀವು ಬಿಡಿಸಿದ್ದನ್ನೇ ಈಗ ಮತ್ತೆ ಮಾಡ್ತಾ ಇದ್ದೇನೆ, ತಲೆ ಎತ್ತಿಯೇ ಈಜಬೇಕು’ ಎಂದು ನಕ್ಕ.

ನಿವೃತ್ತನಾಗುವಾಗ ಗಲ್ಲದ ಮೇಲೆ ಗುರುತಿರುವ ಆ ಹುಡುಗನೇ ಅತಿಥಿ ತರಬೇತುದಾರನಾಗಿ ಬಂದಿದ್ದ. ಇಪ್ಪತ್ತಾರು ವರ್ಷಗಳ ನೋಟ್‌ಬುಕ್ಕುಗಳನ್ನು ಅವನಿಗೆ ಒಪ್ಪಿಸಿದೆ. ಅವನು ಅವುಗಳ ಪುಟಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹಿಂದಕ್ಕೆ ಕೊಟ್ಟ. ಗಳುವನ್ನು ಮಾತ್ರ ಕೊಡಿ ಎಂದು ಕೇಳಿ ಪಡೆದ. ಕಳೆದ ದೀಪಾವಳಿಯ ನಂತರ ದಕ್ಕೆಯ ಕಡೆ ಹೋದಾಗ ಅವನು ದೋಣಿಯಲ್ಲಿ ಕುಳಿತು ತಳ ನೋಡುತ್ತಿದ್ದ. ಆ ಮಳೆಗಾಲದಲ್ಲಿ ಮರಳು ಸರಿದು ದಕ್ಕೆಯ ತೆಂಕು ಮೂಲೆ ತುಂಬಿಹೋಗಿತ್ತಂತೆ. ಜಿಗಿಯುವ ಜಾಗವನ್ನು ಹತ್ತು ಹೆಜ್ಜೆ ಬಡಗಿಗೆ ಸರಿಸಿ, ಕಲ್ಲಿನ ಮೇಲೆ ಹೊಸದಾಗಿ ಬಣ್ಣ ಬಳಿದಿದ್ದ.