ಅಡುಗೆಮನೆಯಲ್ಲಿ ದಿನಕ್ಕೆ ಎಷ್ಟು ನಡೆಯುತ್ತೀರಿ? ದಾರ ಹಿಡಿದು ಅಳೆಯಿರಿ

ಬೆಳಗ್ಗೆ ಒಂದು ತಿಂಡಿ ಮಾಡುವಷ್ಟರಲ್ಲಿ ಕಾಲು ಸೋಲುತ್ತದೆ ಅಂತ ಮನೆಯಲ್ಲಿ ಯಾರಾದರೂ ಹೇಳಿದರೆ, ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ‘ಇಷ್ಟು ಚಿಕ್ಕ ಅಡುಗೆಮನೆಯಲ್ಲಿ ಎಂಥ ಸುಸ್ತು?’ ಈ ಮಾತಿಗೆ ವಾದ ಮಾಡಬೇಡಿ, ಅಳೆದು ತೋರಿಸಿ. ಗೃಹವಿಜ್ಞಾನ ಓದಿದವರಿಗೆ ಇದಕ್ಕೊಂದು ಹಳೆಯ ವಿಧಾನ ಗೊತ್ತು. ಬೇಕಾಗುವುದು ಒಂದು ಹಾಳೆ, ಒಂದಷ್ಟು ಗುಂಡುಸೂಜಿ, ಒಂದು ದಾರದುಂಡೆ.

ಅಮೆರಿಕದ ಲಿಲಿಯನ್ ಗಿಲ್ಬ್ರೆತ್ ಎಂಬ ಎಂಜಿನಿಯರ್ ಅಡುಗೆಮನೆಗೆ ಇಂಥ ಅಳತೆ ತಂದವರಲ್ಲಿ ಮುಖ್ಯರು. ಆಕೆ ಮತ್ತು ಗಂಡ ಫ್ರಾಂಕ್ ಕಾರ್ಖಾನೆಗಳಲ್ಲಿ ಕೆಲಸಗಾರರ ಒಂದೊಂದು ಚಲನೆಯನ್ನೂ ಗಮನಿಸಿ, ಬೇಡದ್ದನ್ನು ತೆಗೆದುಹಾಕುವ ಕೆಲಸ ಮಾಡುತ್ತಿದ್ದರು. 1924ರಲ್ಲಿ ಗಂಡ ತೀರಿಕೊಂಡ ಮೇಲೆ, ಹೆಂಗಸೊಬ್ಬಳ ಸಲಹೆ ನಮಗೆ ಬೇಡ ಅಂತ ಹಲವು ಕಾರ್ಖಾನೆಗಳು ಹಿಂದೆ ಸರಿದವು. ಆಗ ಆಕೆ ಅದೇ ಲೆಕ್ಕವನ್ನು ಮನೆಗೆಲಸಕ್ಕೆ ಹಚ್ಚಿದರು. ಅಂಗವಿಕಲ ಗೃಹಿಣಿಯರಿಗೆ ಹೊಂದುವ ಅಡುಗೆಮನೆಗಳ ಮೇಲೂ ಮುಂದೆ ಕೆಲಸ ಮಾಡಿದರು. ಮನುಷ್ಯರಿಗೆ ತಕ್ಕಂತೆ ಮನೆ ಬದಲಾಗಬೇಕು, ಮನೆಗೆ ತಕ್ಕಂತೆ ಮೈ ಬಗ್ಗಿಸುವುದಲ್ಲ ಎಂಬ ಈ ಯೋಚನೆ ನನಗೆ ಬಹಳ ದೊಡ್ಡದು ಅನಿಸುತ್ತದೆ.

ಸರಿ, ಈಗ ಕೆಲಸಕ್ಕೆ ಇಳಿಯೋಣ.

ಮೊದಲು ನಕ್ಷೆ

ಟೇಪು ಹಿಡಿದು ಅಡುಗೆಮನೆಯ ಉದ್ದ ಅಗಲ ಅಳೆದುಕೊಳ್ಳಿ. ಒಂದು ಅಡಿಗೆ ಒಂದು ಇಂಚು ಅಂತ ಲೆಕ್ಕ ಇಟ್ಟುಕೊಂಡರೆ, 8 ಅಡಿಗೆ 10 ಅಡಿಯ ಅಡುಗೆಮನೆ ಒಂದು ಎ4 ಹಾಳೆಯಲ್ಲಿ ಹಿಡಿಸುತ್ತದೆ. ಈ ಅಳತೆಗೆ ಇನ್ನೊಂದು ಅನುಕೂಲ ಇದೆ: ಕೊನೆಗೆ ದಾರ ಎಷ್ಟು ಇಂಚೋ, ನಡಿಗೆ ಅಷ್ಟು ಅಡಿ. ಗುಣಾಕಾರದ ತಲೆನೋವು ಇಲ್ಲ.

ಗ್ಯಾಸ್ ಒಲೆ, ಸಿಂಕ್, ಫ್ರಿಜ್, ಮಿಕ್ಸಿ, ಒಗ್ಗರಣೆ ಡಬ್ಬಿ, ಅಕ್ಕಿ ಬೇಳೆ ಡಬ್ಬಗಳು, ಕುಡಿಯುವ ನೀರು, ಪಾತ್ರೆ ಸ್ಟ್ಯಾಂಡ್, ಕಸದ ಬುಟ್ಟಿ, ಎಲ್ಲವನ್ನೂ ಅವು ಇರುವ ಜಾಗದಲ್ಲೇ ಗುರುತು ಹಾಕಿ. ಫ್ರಿಜ್ ಹಾಲ್‌ನಲ್ಲಿದ್ದರೆ ಹಾಲ್‌ನ ಆ ಮೂಲೆಯನ್ನೂ ಇನ್ನೊಂದು ಹಾಳೆ ಅಂಟಿಸಿ ಸೇರಿಸಿಕೊಳ್ಳಿ, ಬಿಡಬೇಡಿ, ಜಾಸ್ತಿ ನಡಿಗೆ ಅಡಗಿರುವುದು ಅಲ್ಲೇ. ಹಾಳೆಯನ್ನು ಒಂದು ಥರ್ಮೋಕೋಲ್ ತುಂಡಿನ ಮೇಲೆ ಇಟ್ಟು, ಪ್ರತಿ ಗುರುತಿನ ಮೇಲೂ ಒಂದು ಗುಂಡುಸೂಜಿ ಚುಚ್ಚಿ.

ಆಮೇಲೆ ನೋಡುವುದು, ಬರೆದುಕೊಳ್ಳುವುದು

ಒಂದೇ ಕೆಲಸ ಆರಿಸಿ. ಉಪ್ಪಿಟ್ಟು ಮತ್ತು ಕಾಫಿ ಅಂದುಕೊಳ್ಳಿ. ಹಬ್ಬದ ದಿನ, ನೆಂಟರು ಬಂದ ದಿನ ಬೇಡ, ಮಾಮೂಲಿ ದಿನವೇ ಇರಲಿ.

ಅಡುಗೆ ಮಾಡುವವರು ಒಬ್ಬರು, ಬರೆದುಕೊಳ್ಳುವವರು ಇನ್ನೊಬ್ಬರು. ಬರೆಯುವವರು ಬಾಗಿಲ ಹತ್ತಿರ ದಾರಿಗೆ ಅಡ್ಡ ಆಗದಂತೆ ಕೂತು, ಸುಮ್ನೆ ನೋಡುತ್ತಾ ಬರೆದುಕೊಳ್ಳಬೇಕು: ಸಿಂಕ್, ಒಲೆ, ಡಬ್ಬ, ಒಲೆ, ಫ್ರಿಜ್, ಸಿಂಕ್... ಹೀಗೆ. ಸಲಹೆ ಕೊಡಬಾರದು, ‘ಅಲ್ಲಿಗೆ ಯಾಕೆ ಹೋದೆ’ ಅಂತ ಕೇಳಲೂಬಾರದು. ಕೇಳಿದ ಕೂಡಲೇ ಅವರ ನಡಿಗೆ ಬದಲಾಗುತ್ತದೆ, ಅಳತೆ ಕೆಟ್ಟುಹೋಗುತ್ತದೆ. ಮನೆಯಲ್ಲಿ ಹೈಸ್ಕೂಲ್ ಹುಡುಗನೋ ಹುಡುಗಿಯೋ ಇದ್ದರೆ ಈ ಕೆಲಸ ಅವರಿಗೆ ಕೊಡಿ. ಬರೆಯಲು ಯಾರೂ ಇಲ್ಲದಿದ್ದರೆ ಮೊಬೈಲನ್ನು ಶೆಲ್ಫ್ ಮೇಲಿಟ್ಟು ವಿಡಿಯೊ ಮಾಡಿಕೊಳ್ಳಬಹುದು, ಆದರೆ ಅಡುಗೆ ಮಾಡುವವರನ್ನು ಕೇಳಿ ಮಾಡಿ.

ಕೆಲಸ ಮುಗಿದ ಮೇಲೆ ದಾರದ ತುದಿಯನ್ನು ಮೊದಲ ಸೂಜಿಗೆ ಕಟ್ಟಿ, ಬರೆದುಕೊಂಡ ಕ್ರಮದಲ್ಲೇ ಸೂಜಿಯಿಂದ ಸೂಜಿಗೆ ಸುತ್ತುತ್ತಾ ಹೋಗಿ. ನಂತರ ಬಿಚ್ಚಿ ಅಳೆಯಿರಿ. ಬಿಚ್ಚುವ ಮುಂಚೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಉದಾಹರಣೆಗೆ ದಾರ 360 ಇಂಚು ಬಂತು ಅನ್ನಿ. ಅಂದರೆ 360 ಅಡಿ, ಸುಮಾರು 110 ಮೀಟರ್. ದಿನಕ್ಕೆ ಮೂರು ಹೊತ್ತು ಹೀಗೇ ಆದರೆ 330 ಮೀಟರ್. ವರ್ಷಕ್ಕೆ 120 ಕಿಲೋಮೀಟರ್! ಬೆಂಗಳೂರಿನಿಂದ ಮಂಡ್ಯ ದಾಟಿ ಹೋಗುವ ದೂರ ಅದು, ಅದೂ ನಾಲ್ಕು ಗೋಡೆಯ ಒಳಗೆ, ಕೈಯಲ್ಲಿ ಪಾತ್ರೆ ಹಿಡಿದುಕೊಂಡು. ಪಾತ್ರೆ ತೊಳೆಯುವ, ಬಡಿಸುವ, ಒರೆಸುವ ಓಡಾಟ ಇದರಲ್ಲಿ ಸೇರಿಲ್ಲ.

ದಾರ ಎಲ್ಲಿ ದಪ್ಪ ಆಗಿದೆ?

ಫೋಟೊ ಬೇಕಾಗುವುದು ಇಲ್ಲಿ. ಒಟ್ಟು ಉದ್ದಕ್ಕಿಂತ ಮುಖ್ಯ, ಯಾವ ಎರಡು ಸೂಜಿಗಳ ನಡುವೆ ದಾರ ಕಟ್ಟುಕಟ್ಟಾಗಿ ಬಿದ್ದಿದೆ ಅನ್ನುವುದು. ಅದೇ ನಿಮ್ಮ ಮನೆಯ ಹೆದ್ದಾರಿ.

ಮಾಡ್ಯುಲರ್ ಕಿಚನ್‌ನವರು ತ್ರಿಕೋನದ ಮಾತಾಡುತ್ತಾರೆ: ಒಲೆ, ಸಿಂಕ್, ಫ್ರಿಜ್, ಈ ಮೂರರ ನಡುವಿನ ಪ್ರತಿ ಬದಿ 4ರಿಂದ 9 ಅಡಿ ಇರಬೇಕು, ಮೂರೂ ಸೇರಿ 26 ಅಡಿ ಮೀರಬಾರದು ಅಂತ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1940ರ ದಶಕದಲ್ಲಿ ರೂಪ ಪಡೆದ ನಿಯಮ ಇದು. ತಪ್ಪೇನಿಲ್ಲ, ಆದರೆ ನಮ್ಮ ಅಡುಗೆಗೆ ಇಷ್ಟು ಸಾಲದು ಅಂತ ನನ್ನ ಅಭಿಪ್ರಾಯ. ನಮ್ಮಲ್ಲಿ ಚಟ್ನಿ, ಸಾರಿನ ಮಸಾಲೆ, ದೋಸೆ ಹಿಟ್ಟು ಎಲ್ಲದಕ್ಕೂ ಮಿಕ್ಸಿ ಬೇಕು, ಮತ್ತು ಮಿಕ್ಸಿ ಎಲ್ಲಿರಬೇಕು ಅಂತ ಎಷ್ಟೋ ಮನೆಗಳಲ್ಲಿ ತೀರ್ಮಾನ ಮಾಡಿದ್ದು ಅಡುಗೆ ಮಾಡುವವರಲ್ಲ, ಪ್ಲಗ್ ಪಾಯಿಂಟ್ ಹಾಕಿದ ಎಲೆಕ್ಟ್ರಿಷಿಯನ್. ಕುಡಿಯುವ ನೀರಿನ ಕಥೆಯೂ ಹಾಗೇ. ನಲ್ಲಿಯಲ್ಲಿ ಎರಡು ಮೂರು ದಿನಕ್ಕೊಮ್ಮೆ ನೀರು ಬರುವ ಊರುಗಳಲ್ಲಿ ಕೊಡ, ಡ್ರಮ್ಮು ಎಲ್ಲ ಒಂದು ಮೂಲೆ ಹಿಡಿದಿರುತ್ತವೆ, ಸಿಂಕ್ ಇನ್ನೊಂದು ಮೂಲೆಯಲ್ಲಿ. ಹಾಗಾಗಿ ನಮ್ಮದು ತ್ರಿಕೋನ ಅಲ್ಲವೇ ಅಲ್ಲ, ಐದು ಮೂಲೆ. ದಾರ ಸುತ್ತಿದಾಗ ಇದು ಕಣ್ಣಿಗೆ ಕಾಣುತ್ತದೆ.

ಬದಲಾವಣೆ ಎಲ್ಲಿಂದ ಶುರು?

ಮಾರ್ವಿನ್ ಮುಂಡೆಲ್ ಎಂಬ ಎಂಜಿನಿಯರ್ ಬದಲಾವಣೆಗಳನ್ನು ಐದು ಬಗೆ ಮಾಡಿದ್ದರು, ಗೃಹವಿಜ್ಞಾನದ ತರಗತಿಗಳಲ್ಲಿ ಇದನ್ನು ಕಲಿಸುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ: ಮೈ ಕೈ ಆಡಿಸುವ ರೀತಿ, ಸಾಮಾನು ಮತ್ತು ಅದರ ಜಾಗ, ಕೆಲಸದ ಕ್ರಮ, ತಯಾರಾಗುವ ಪದಾರ್ಥ, ಬಳಸುವ ಕಚ್ಚಾ ಸಾಮಗ್ರಿ.

ಕೊನೆಯ ಎರಡು ಸುಲಭಕ್ಕೆ ಅರ್ಥವಾಗುತ್ತವೆ. ಚಪಾತಿಯ ಬದಲು ಒಂದು ದಿನ ಅನ್ನ ಸಾರು ಸಾಕು ಅನ್ನುವುದು, ತೆಂಗಿನಕಾಯಿಯನ್ನು ವಾರಕ್ಕೊಮ್ಮೆ ತುರಿದು ಫ್ರೀಜರ್‌ನಲ್ಲಿ ಇಡುವುದು, ಇಂಥವು. ಜಾಸ್ತಿ ಲಾಭ ಇರುವುದು ಜಾಗ ಮತ್ತು ಕ್ರಮದಲ್ಲಿ. ಮೊದಲು ಎಲ್ಲಿ ಬಳಸುತ್ತೀರೋ ಅಲ್ಲೇ ಇಡಿ: ಅಕ್ಕಿ ಬೇಳೆ ಡಬ್ಬ ತೊಳೆಯುವ ಸಿಂಕ್ ಹತ್ತಿರ, ಒಗ್ಗರಣೆ ಡಬ್ಬಿ ಮತ್ತು ಸೌಟು ಒಲೆಯ ಪಕ್ಕ, ಕಾಫಿ ಪುಡಿ, ಸಕ್ಕರೆ, ಲೋಟ ಮೂರೂ ಒಂದೇ ಕಡೆ. ದಿನಾ ಬಳಸುವುದು ಸೊಂಟದಿಂದ ಭುಜದ ಎತ್ತರದೊಳಗೆ ಇರಲಿ, ವರ್ಷಕ್ಕೊಮ್ಮೆ ತೆಗೆಯುವ ದೊಡ್ಡ ಹಂಡೆ ಕೊಳಗ ಅಟ್ಟಕ್ಕೆ ಹೋಗಲಿ. ಕ್ರಮದಲ್ಲಿ ಹೇಳುವುದಾದರೆ, ಫ್ರಿಜ್‌ಗೆ ನಾಲ್ಕು ಸಲ ಹೋಗುವ ಬದಲು ಒಂದು ತಟ್ಟೆ ಹಿಡಿದು ಹೋಗಿ ಮೆಣಸಿನಕಾಯಿ, ಕರಿಬೇವು, ಹಾಲು, ಕೊತ್ತಂಬರಿ ಎಲ್ಲ ಒಟ್ಟಿಗೇ ತನ್ನಿ.

ನಿಲ್ಲುವ ಎತ್ತರವನ್ನೂ ನೋಡಿ. ಹೆಚ್ಚುವುದು, ಕಲೆಸುವುದು ಮೊಣಕೈಗಿಂತ ಮೂರ್ನಾಲ್ಕು ಇಂಚು ಕೆಳಗೆ ನಡೆದರೆ ಭುಜಕ್ಕೆ ಆರಾಮ. ಬಲ ಹಾಕಬೇಕಾದ ಕೆಲಸಕ್ಕೆ ಇನ್ನೂ ತಗ್ಗು ಬೇಕು. ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ರೊಟ್ಟಿ ಬಡಿಯುವವರು ಎತ್ತರದ ಗ್ರಾನೈಟ್ ಕಟ್ಟೆಯ ಮೇಲೆ ಬಡಿದು ಭುಜ ನೋಯಿಸಿಕೊಳ್ಳುವುದಕ್ಕಿಂತ, ಅದಕ್ಕೊಂದು ತಗ್ಗಿನ ಗಟ್ಟಿ ಮೇಜು ಮಾಡಿಸಿಕೊಳ್ಳುವುದು ಒಳ್ಳೆಯದು. ಅತ್ತೆ ಸೊಸೆ ಇಬ್ಬರೂ ಅಡುಗೆ ಮಾಡುವ ಮನೆಯಲ್ಲಿ ಇಬ್ಬರ ಎತ್ತರವೂ ಬೇರೆ ಅಲ್ವಾ? ಗಿಡ್ಡ ಇರುವವರಿಗೆ ಒಂದು ಅಗಲವಾದ, ಜಾರದ ಮಣೆ ಕೊಡಿ.

ಯಾರ ಕಾಲು?

ದಾರ ಎಷ್ಟೇ ಚಿಕ್ಕದಾದರೂ ಅದೆಲ್ಲ ಒಬ್ಬರದೇ ಕಾಲಿನ ಲೆಕ್ಕ ಆದರೆ ಅರ್ಧ ಕೆಲಸ ಮಾತ್ರ ಆಯಿತು. ಭಾರತ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ದುಡಿದರೆ ಗಂಡಸರು 88 ನಿಮಿಷ. ಹಾಗಾಗಿ ಎರಡನೇ ಸಲ ಅಳೆಯುವಾಗ ಎರಡು ಬಣ್ಣದ ದಾರ ತಗೊಳ್ಳಿ, ಒಬ್ಬರಿಗೆ ಒಂದು ಬಣ್ಣ. ಕಾಫಿಯ ಮೂಲೆಯನ್ನು ಪೂರ್ತಿಯಾಗಿ ಗಂಡನಿಗೋ ಮಗನಿಗೋ ಬಿಟ್ಟುಕೊಡಿ, ಪುಡಿ ಮುಗಿದಿದೆಯಾ ನೋಡುವುದು, ಲೋಟ ತೊಳೆದಿಡುವುದು ಎಲ್ಲ ಸೇರಿಸಿ. ‘ಹೇಳಿದರೆ ಮಾಡುತ್ತೇನೆ’ ಅನ್ನುವುದು ಹಂಚಿಕೆ ಆಗುವುದಿಲ್ಲ, ನೆನಪಿಟ್ಟುಕೊಳ್ಳುವ ಭಾರ ಆಗಲೂ ಅಡುಗೆ ಮಾಡುವವರ ತಲೆಯ ಮೇಲೆಯೇ ಉಳಿಯುತ್ತದೆ.

ಈ ಎರಡನೇ ಅಳತೆಯನ್ನು ಸಾಮಾನು ಜಾಗ ಬದಲಿಸಿದ ಮರುದಿನವೇ ಮಾಡಬೇಡಿ. ಕೈ ಹಳೆಯ ಜಾಗಕ್ಕೇ ಹೋಗುತ್ತಿರುತ್ತದೆ, ಒಂದೆರಡು ವಾರ ರೂಢಿಯಾಗಲು ಬಿಡಿ. ಬಾಡಿಗೆ ಮನೆಯವರು ಗೋಡೆ ಕೊರೆಯದೆ ಚಕ್ರದ ಸ್ಟ್ಯಾಂಡ್, ಒಳ್ಳೆ ಗುಣಮಟ್ಟದ ಎಕ್ಸ್‌ಟೆನ್ಷನ್ ಬೋರ್ಡ್ ಇಂಥವುಗಳಿಂದ ಸಾಕಷ್ಟು ಮಾಡಬಹುದು. ಬೋರ್ಡ್ ನೀರಿನಿಂದ ದೂರ ಇರಲಿ, ವೈರ್ ಕಾಲಿಗೆ ಸಿಗದಂತಿರಲಿ. ಸ್ವಂತ ಮನೆ ಕಟ್ಟಿಸುತ್ತಿರುವವರು ಅಡುಗೆ ಕಟ್ಟೆ ಏಳುವ ಮುಂಚೆಯೇ ಈ ಹಾಳೆಯನ್ನು ಮೇಸ್ತ್ರಿಗೂ ಎಲೆಕ್ಟ್ರಿಷಿಯನ್‌ಗೂ ತೋರಿಸಿ. ಅಡುಗೆ ಮಾಡುವವರು ಖುದ್ದಾಗಿ ನಿಂತು ಮೊಣಕೈ ಎತ್ತರ ಅಳೆಸಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿಸಿಕೊಳ್ಳಲಿ. ಮಿಕ್ಸಿಯ ಪ್ಲಗ್ ಒಲೆಯಿಂದ ಎಷ್ಟು ದೂರ ಅನ್ನುವುದನ್ನೂ ಆಗಲೇ ಹೇಳಿಬಿಡಿ.