ಬೆನ್ನುಹುರಿಗೆ ಶಿಲೀಂಧ್ರ ತಗುಲಿದ ನಾಯಿ: ನನ್ನ ಅನುಭವ

ಹಿಂಗಾಲು ತೊಡರುತ್ತಿದ್ದ ನಾಲ್ಕು ವರ್ಷದ ಹೆಣ್ಣು ನಾಯಿಗೆ ಡಿಸ್ಕ್ ಜಾರಿದೆಯೆಂದು ತಿಳಿದು ನಾನು ಪ್ರೆಡ್ನಿಸೊಲೋನ್ (ಉರಿಯೂತದ ಜೊತೆ ರೋಗನಿರೋಧಕ ಶಕ್ತಿಯನ್ನೂ ತಗ್ಗಿಸುವ ಸ್ಟೀರಾಯ್ಡ್) ಆರಂಭಿಸಿದೆ. ಎರಡು ದಿನ ಚೇತರಿಸಿಕೊಂಡಂತೆ ಕಂಡ ಅದು ಎರಡನೆಯ ವಾರಕ್ಕೆ ಎದ್ದು ನಿಲ್ಲಲಾರದಾಯಿತು. ತಪ್ಪು ನನ್ನದು. ಮೂಗಿನಿಂದ ಆಗಾಗ ಸುರಿಯುತ್ತಿದ್ದ ಸಿಂಬಳದ ಬಗ್ಗೆ ನಾಯಿ ಸಾಕಿದ ಮನೆಯವರು ಹೇಳಿದ್ದರೂ ನಾನು ಅದನ್ನು ಕಾಲಿನ ದೌರ್ಬಲ್ಯದೊಂದಿಗೆ ಜೋಡಿಸಿ ನೋಡಿರಲಿಲ್ಲ. ಅದಕ್ಕೆ ತಗುಲಿದ್ದ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ ಬಹುತೇಕ ಉಸಿರಿನೊಂದಿಗೆ ಒಳಸೇರಿ, ಮೂಗಿನಲ್ಲಿ ನೆಲೆಯೂರಿ, ಅಲ್ಲಿಂದ ಮಿದುಳು, ಬೆನ್ನುಹುರಿ ಮತ್ತು ಕಣ್ಣುಗಳಿಗೆ ಹರಡುತ್ತದೆ.

ರಕ್ತದಲ್ಲಿ ಕ್ರಿಪ್ಟೊಕಾಕಸ್ ಆ್ಯಂಟಿಜನ್ (ಶಿಲೀಂಧ್ರದಿಂದ ಬರುವ, ಸೋಂಕನ್ನು ತೋರಿಸುವ ಅಂಶ) ಪತ್ತೆಯಾಯಿತು. ಎಂಆರ್‌ಐ ನೋಡಿ, ತಲೆಬುರುಡೆಯೊಳಗೆ ಒತ್ತಡ ಹೆಚ್ಚಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಬೆನ್ನುಹುರಿಯ ದ್ರವ ತೆಗೆದೆ. ಅದಕ್ಕೆ ಇಂಡಿಯಾ ಇಂಕ್ ಎಂಬ ಕಪ್ಪು ಶಾಯಿ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಪ್ಪು ಹಿನ್ನೆಲೆಯಲ್ಲಿ ಬಿಳಿಯ ಕವಚ ಹೊತ್ತ ದುಂಡು ಕೋಶಗಳು ಸ್ಪಷ್ಟವಾಗಿ ಕಂಡವು.

ಶಿಲೀಂಧ್ರನಾಶಕಗಳಲ್ಲಿ ಇಟ್ರಾಕೊನಜೋಲ್ ಬೆನ್ನುಹುರಿಯ ದ್ರವಕ್ಕೆ ಸರಿಯಾಗಿ ಇಳಿಯುವುದಿಲ್ಲವಾದ್ದರಿಂದ ಚೆನ್ನಾಗಿ ಇಳಿಯುವ ಫ್ಲುಕೊನಜೋಲನ್ನು, ಕಿಲೋ ತೂಕಕ್ಕೆ 10 ಮಿಲಿಗ್ರಾಂನಂತೆ, 12 ಗಂಟೆಗೊಮ್ಮೆ ಕೊಟ್ಟೆ. ಮೊದಲ ವಾರಗಳಲ್ಲಿ ಆಂಫೊಟೆರಿಸಿನ್ ಬಿ ಎಂಬ ಇನ್ನೊಂದು ಶಿಲೀಂಧ್ರನಾಶಕವನ್ನೂ ಸೇರಿಸಿದೆ. ಅದು ಮೂತ್ರಪಿಂಡಕ್ಕೆ ಅಪಾಯಕಾರಿಯಾದ ಕಾರಣ ಪ್ರತಿ ಬಾರಿಯೂ ಮುಂಚೆ ಸಲೈನ್ ಹರಿಸಿ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮಟ್ಟ ನೋಡಿಯೇ ಮುಂದುವರಿದೆ. ಮೊದಲು ಕೆಡುಕು ಮಾಡಿದ ಪ್ರೆಡ್ನಿಸೊಲೋನನ್ನೇ ಈಗ ಉರಿಯೂತ ತಗ್ಗಿಸುವಷ್ಟು ಸಣ್ಣ ಪ್ರಮಾಣದಲ್ಲಿ ಕೆಲವೇ ದಿನ ಕೊಟ್ಟೆ. ಶಿಲೀಂಧ್ರ ಸಾಯುವಾಗ ಏಳುವ ಊತವೇ ಬೆನ್ನುಹುರಿಯನ್ನು ಅದುಮಬಲ್ಲದು, ಆದರೆ ಶಿಲೀಂಧ್ರನಾಶಕದ ರಕ್ಷಣೆಯಿಲ್ಲದೆ ಸ್ಟೀರಾಯ್ಡ್ ಕೊಟ್ಟರೆ ಸೋಂಕಿಗೆ ದಾರಿ ಬಿಟ್ಟಂತಾಗುತ್ತದೆ.

ಔಷಧಿಯಷ್ಟೇ ಶ್ರಮ ಆರೈಕೆಗೂ ಬೇಕಾಯಿತು. ದಿನಕ್ಕೆ ನಾಲ್ಕು ಬಾರಿ ಮೂತ್ರಕೋಶವನ್ನು ಕೈಯಿಂದ ಒತ್ತಿ ಖಾಲಿ ಮಾಡುವುದನ್ನು, ದಪ್ಪ ಹಾಸಿಗೆಯ ಮೇಲೆ ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಮನೆಯವರಿಗೆ ನಾನೇ ಕಲಿಸಿದೆ. ಅವರು ಒಂದು ಹೊತ್ತನ್ನೂ ತಪ್ಪಿಸಲಿಲ್ಲ.

ಏಳನೆಯ ವಾರ ಅದು ತಾನಾಗಿ ಎದ್ದಿತು. ಮೂರನೆಯ ತಿಂಗಳು, ನಡೆಯುತ್ತಿದೆಯಲ್ಲ, ಮಾತ್ರೆ ಸಾಕಲ್ಲವೇ ಎಂದು ಅವರು ಕೇಳಿದರು. ಈಗಲೇ ನಿಲ್ಲಿಸುವುದು ಬೇಡವೆಂದೆ. ನಡಿಗೆ ಮರಳಿದರೂ ಆ್ಯಂಟಿಜನ್ ಟೈಟರ್ (ರಕ್ತದಲ್ಲಿ ಅದರ ಪ್ರಮಾಣದ ಅಳತೆ) ಇನ್ನೂ ಉಳಿದಿತ್ತು, ಅರ್ಧಕ್ಕೆ ನಿಲ್ಲಿಸಿದರೆ ಸೋಂಕು ಮರುಕಳಿಸುವ ಭಯ ನನಗಿತ್ತು. ಯಕೃತ್ತಿನ ಪರೀಕ್ಷೆಯನ್ನೂ ಟೈಟರನ್ನೂ ಕಾಲಕಾಲಕ್ಕೆ ನೋಡುತ್ತಾ, ಟೈಟರ್ ಪೂರ್ಣ ಶೂನ್ಯವಾದ ಹದಿನಾಲ್ಕನೆಯ ತಿಂಗಳು ಮಾತ್ರೆ ನಿಲ್ಲಿಸಿದೆ. ಎಡ ಹಿಂಗಾಲಿನ ಉಗುರುಗಳು ಈಗಲೂ ತುಸು ಸವೆಯುತ್ತವೆ. ಟೈಟರ್ ಪರೀಕ್ಷೆಯನ್ನು ಇನ್ನೂ ಬಿಟ್ಟಿಲ್ಲ.