ಫೀನಿಕ್ಸ್‌ನ ಸುಡುಬಿಸಿಲು, ನೆರಳಲ್ಲಿ ಒಣಗಿದ ಸಂಡಿಗೆ

ಅಂತೂ ಸಂಡಿಗೆ ಅರಳಿತು. ಎಣ್ಣೆಗೆ ಬಿಟ್ಟ ಕೂಡಲೇ ಅಂಗೈಯಗಲ ಆಯಿತು. ಬೆಳ್ಳಗೆ, ಹಗುರಾಗಿ, ಒಂದು ಗಟ್ಟಿ ಕಾಳೂ ಹಲ್ಲಿಗೆ ಸಿಗಲಿಲ್ಲ. ಆರು ಬೇಸಿಗೆ ಹಾಳು ಮಾಡಿಕೊಂಡ ಮೇಲೆ ಬಂದ ಹದ ಇದು. ಅದಕ್ಕೇ ಬರೆಯುತ್ತಿದ್ದೇನೆ.

ನಾವಿರುವುದು ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ. ಜೂನ್ ತಿಂಗಳಲ್ಲಿ 43 ಡಿಗ್ರಿ ಬಿಸಿಲು ಇಲ್ಲಿ ಸುದ್ದಿಯೇ ಅಲ್ಲ. ತಣ್ಣೀರಿನ ನಲ್ಲಿ ತಿರುಗಿಸಿದರೂ ಬಿಸಿನೀರೇ ಬರುತ್ತದೆ. 2023ರಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ ಹಗಲಿನ ಗರಿಷ್ಠ ಬಿಸಿ 110 ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ, ಕೆಳಗಿಳಿಯಲೇ ಇಲ್ಲ. ತುಮಕೂರಿನ ತಾರಸಿ ಮೇಲೆ ಕಾಗೆ ಓಡಿಸುತ್ತಾ ಸಂಡಿಗೆ ಕಾದು ಬೆಳೆದವರಿಗೆ ಇಂಥ ಬಿಸಿಲು ಕಂಡರೆ ಕೈ ಸುಮ್ನೆ ಇರುತ್ತಾ?

2018ರಲ್ಲಿ ಶುರು ಮಾಡಿದೆ. ನಾಲ್ಕು ಪೌಂಡ್ ಸಬ್ಬಕ್ಕಿ, ಆಗ ಏಳೆಂಟು ಡಾಲರ್ ಇತ್ತು. ಬೆಳಿಗ್ಗೆ ಒಂಬತ್ತಕ್ಕೆ ಹಿತ್ತಲಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಸಂಡಿಗೆ ಇಟ್ಟೆ. ಹನ್ನೆರಡಕ್ಕೆ ಹೋಗಿ ನೋಡಿದರೆ ಎಲ್ಲವೂ ಒಣಗಿದ ಎಲೆಯ ಹಾಗೆ ಮುರುಟಿಕೊಂಡಿದ್ದವು. ತೆಳುವಾದವು ಬಿರುಕು ಬಿಟ್ಟು ಚೂರಾದವು. ದಪ್ಪಗಿದ್ದವು ಮುಟ್ಟಿದರೆ ಕಲ್ಲು, ಸರಿ ಅಂತ ಡಬ್ಬಕ್ಕೆ ತುಂಬಿದೆ. ಎರಡು ವಾರ ಬಿಟ್ಟು ಮುಚ್ಚಳ ತೆಗೆದರೆ ಹುಳಿ ವಾಸನೆ. ಮೇಲೆ ಗಟ್ಟಿ ಚರ್ಮ ಕಟ್ಟಿ, ಒಳಗಿನ ಹಸಿ ಹಾಗೇ ಉಳಿದುಬಿಟ್ಟಿತ್ತು.

ಮರುವರ್ಷ ಗಂಜಿ ತೆಳುವಾಗಿದ್ದೇ ತಪ್ಪು ಅಂದುಕೊಂಡು ಗಟ್ಟಿ ಮಾಡಿದೆ. ಇನ್ನೂ ಕೆಟ್ಟಿತು. ಅದರ ಮುಂದಿನ ವರ್ಷ ಅರವತ್ತೋ ಎಪ್ಪತ್ತೋ ಡಾಲರ್ ಕೊಟ್ಟು ಕರೆಂಟಿನಲ್ಲಿ ಒಣಗಿಸುವ ಮೆಷಿನ್ ತಂದೆ. ಹದಿನಾಲ್ಕು ಗಂಟೆ ಓಡಿಸಿದರೆ ಐವತ್ತು ಸಂಡಿಗೆ. ಮನೆಯೊಳಗೆ ಒಂದು ಕಡೆ ಏಸಿ, ಇನ್ನೊಂದು ಕಡೆ ಬಿಸಿ ಗಾಳಿಯ ಮೆಷಿನ್, ಆ ತಿಂಗಳ ಕರೆಂಟ್ ಬಿಲ್ ನೋಡಿ ಬೇಜಾರಾಯಿತು. ಇಪ್ಪತ್ತು ಡಾಲರ್‌ಗೆ ಮಾರಿಬಿಟ್ಟೆ. ಆಮೇಲೊಂದು ವರ್ಷ ರಸ್ತೆಗೆ ಕಾಣುವ ಹಾಗೆ ಬಟ್ಟೆ ಹಾಸಿದ್ದೀರಿ ಅಂತ ಬಡಾವಣೆಯ ಅಸೋಸಿಯೇಶನ್‌ನಿಂದ ನೋಟಿಸು, ಐವತ್ತು ಡಾಲರ್ ದಂಡ. ಇನ್ನೊಂದು ಜುಲೈ ಸಂಜೆ ಹಬೂಬ್ ಬಂತು. ಇಲ್ಲಿಯ ಧೂಳಿನ ಬಿರುಗಾಳಿಗೆ ಆ ಹೆಸರು. ಕಂದು ಗೋಡೆಯೊಂದು ಊರಿನ ಮೇಲೆ ನಡೆದು ಬಂದ ಹಾಗಿರುತ್ತದೆ. ಇನ್ನೂರು ಸಂಡಿಗೆಯಲ್ಲಿ ಒಂದನ್ನೂ ಬಾಯಿಗಿಡಲು ಆಗಲಿಲ್ಲ.

ದಾರಿ ತೋರಿಸಿದ್ದು ಒಗೆದ ಬಟ್ಟೆ. ರಾತ್ರಿ ಹತ್ತಕ್ಕೆ ಹರಡಿದ ಜೀನ್ಸ್ ಪ್ಯಾಂಟು ಬೆಳಿಗ್ಗೆ ಐದಕ್ಕೆ ಗರಿಗರಿ. ಬಿಸಿಲೇ ಇಲ್ಲ! ಒಣಗಿಸಿದ್ದು ಬರೀ ಗಾಳಿ. ಜೂನ್‌ನಲ್ಲಿ ಇಲ್ಲಿಯ ಗಾಳಿಯಲ್ಲಿ ಪಸೆ ಅನ್ನುವುದೇ ಇರುವುದಿಲ್ಲ. ರಾತ್ರಿಯೂ ಇಪ್ಪತ್ತೇಳು, ಇಪ್ಪತ್ತೆಂಟು ಡಿಗ್ರಿ. ಹಾಗಿದ್ದ ಮೇಲೆ ಸಂಡಿಗೆಗೆ ಬಿಸಿಲು ಯಾಕೆ ಬೇಕು?

ಆಗ ನಮ್ಮತ್ತೆ ಬಂದಿದ್ದರು. ಸಂಜೆ ಗಂಜಿ ಕಾಯಿಸಲು ಕೂತಿದ್ದು ನೋಡಿ, "ಇಷ್ಟು ಹೊತ್ತಿನಲ್ಲಿ ಯಾಕಮ್ಮಾ?" ಅಂದರು.

"ರಾತ್ರಿ ಇಡ್ತೀನಿ ಅತ್ತೆ. ನೆರಳಲ್ಲೇ ಒಣಗಿಸೋದು."

"ನೆರಳಲ್ಲಿ ಒಣಗಿಸಿದ್ದನ್ನ ಸಂಡಿಗೆ ಅಂತಾರಾ? ಬೂಷ್ಟು ಬರುತ್ತೆ ಬಿಡು."

ಗೆಳತಿಯರೂ ಅದನ್ನೇ ಹೇಳಿದರು. ಹಬ್ಬಕ್ಕೆ ಸೇರಿದಾಗ ಸುಮಾರು ಜನ ತಲೆ ಅಲ್ಲಾಡಿಸಿದ್ದರು.

ನಾನು ಮಾಡಿದ್ದು ಇಷ್ಟು. ಬಟ್ಟೆ ಒಣಗಿಸುವ ಮಡಚುವ ಸ್ಟ್ಯಾಂಡ್ ಎರಡು, ಒಂದೊಂದಕ್ಕೆ ಹದಿನೆಂಟು ಡಾಲರ್. ಅದರ ಮೇಲೆ ಹಳೇ ಪಂಚೆಯನ್ನು ಒದ್ದೆ ಮಾಡಿ, ಬಿಗಿಯಾಗಿ ಎಳೆದು ಕ್ಲಿಪ್ ಹಾಕಿದೆ. ಕೆಳಗಿನಿಂದಲೂ ಗಾಳಿ ಆಡಬೇಕು, ಪ್ಲಾಸ್ಟಿಕ್ ಬೇಡವೇ ಬೇಡ. ಇರುವೆ ಹತ್ತದ ಹಾಗೆ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು. ನೀರು ಬೇಗ ಇಂಗುತ್ತದೆ, ಮಲಗುವ ಮುಂಚೆ ಒಂದು ಸಲ ತುಂಬಬೇಕು. ಹೊತ್ತು ಮುಳುಗಿ ಎಂಟಾದ ಮೇಲೆ ಸಂಡಿಗೆ ಇಟ್ಟೆ. ರಾತ್ರಿಯಲ್ಲಿ ಹಕ್ಕಿ ಕಾಟವೂ ಇಲ್ಲ. ಹಗಲಾದರೆ ಗ್ರ್ಯಾಕಲ್ ಅನ್ನುವ ಉದ್ದ ಬಾಲದ ಕರಿ ಹಕ್ಕಿ, ನಮ್ಮ ಕಾಗೆಗಿಂತ ಒಂದು ಕೈ ಮೇಲು.

ಬೆಳಿಗ್ಗೆ ಐದೂವರೆಗೆ ಎದ್ದು ಹಿಂದಿನಿಂದ ನೀರು ಚಿಮುಕಿಸಿ ಒಂದನ್ನು ಎಬ್ಬಿಸಿದೆ. ಅಂಚು ಗರಿ, ನಡುವೆ ಇನ್ನೂ ಮೆತ್ತಗೆ, ಕಾಳು ಕಾಳಾಗಿ ಬೆಳಕಿಗೆ ಹೊಳೆಯುತ್ತಿತ್ತು. ಆ ಅರೆ ಒಣಗಿದ ಸಂಡಿಗೆಯ ರುಚಿ ಗೊತ್ತಲ್ವಾ? ಜೀರಿಗೆ, ಹಸಿಮೆಣಸಿನಕಾಯಿ, ನಿಂಬೆಹುಳಿ, ಅಗಿದಷ್ಟೂ ಜಗ್ಗುವ ಮೆತ್ತನೆ. ಮಗಳು ನಿದ್ದೆಗಣ್ಣಲ್ಲೇ ಬಂದು ಪಂಚೆಯಿಂದ ಎಂಟೋ ಹತ್ತೋ ಕಿತ್ತು ತಿಂದಳು. ಅವಳಿಗೂ ಅದು ಸಿಕ್ಕಿತಲ್ಲ ಅಂತ ನನಗೆ ತುಂಬಾ ಖುಷಿಯಾಯಿತು.

ತಿರುವಿ ಹಾಕಿ ಎಳೆಬಿಸಿಲಿಗೆ ಒಂದು ಎರಡೂವರೆ ಗಂಟೆ ಇಟ್ಟೆ. ಎಂಟೂವರೆಗೆ ಸ್ಟ್ಯಾಂಡ್ ಎತ್ತಿ ಮನೆಯ ಉತ್ತರದ ನೆರಳಿಗೆ ತಂದೆ. ಅಲ್ಲಿ ರಸ್ತೆಗೂ ಕಾಣುವುದಿಲ್ಲ. ಎರಡನೇ ರಾತ್ರಿಯೂ ಅಲ್ಲೇ ಬಿಟ್ಟು ಬೆಳಿಗ್ಗೆ ಮುರಿದು ನೋಡಿದರೆ ಟಕ್ ಅಂತ ಸದ್ದು. ಮುರುಟಿಲ್ಲ, ಬಿರುಕಿಲ್ಲ. ಅದಕ್ಕಿಂತ ಜಾಸ್ತಿ ಒಣಗಿಸಬೇಡಿ, ತೀರಾ ಒಣಗಿದ್ದೂ ಅರಳುವುದಿಲ್ಲ. ಗಂಜಿಗೆ ನೀರು ಊರಿನ ಲೆಕ್ಕಕ್ಕಿಂತ ಜಾಸ್ತಿ ಬೇಕು. ಎಷ್ಟು, ಒಲೆ ಆರಿಸುವ ಮುಂಚೆ ಇನ್ನೇನು ಸೇರಿಸುತ್ತೇನೆ ಅನ್ನುವುದು ಸದ್ಯಕ್ಕೆ ನಮ್ಮ ಮನೆಯಲ್ಲೇ ಇರಲಿ.

ಮೊದಲ ಸಂಡಿಗೆ ಕರಿದಿದ್ದು ಅತ್ತೆಯೇ. ಒಂದು ಬಿಟ್ಟರು, ನೋಡಿದರು, ಮತ್ತೆ ನಾಲ್ಕು ಬಿಟ್ಟರು. "ಊರಿಗೆ ಒಂದು ಡಬ್ಬ ಕಟ್ಟಿಕೊಡು" ಅಂದರು. ಅಮೆರಿಕದಿಂದ ತುಮಕೂರಿಗೆ ಎರಡು ಕಿಲೋ ಸಂಡಿಗೆ ಕಳಿಸಿದವಳು ನಮ್ಮ ಬಳಗದಲ್ಲಿ ನಾನೊಬ್ಬಳೇ.

ಇದೇ ಗಾಳಿಯನ್ನು ನಂಬಿ ಬೇರೆ ಪ್ರಯೋಗವೂ ಮಾಡಿದೆ. ಇಲ್ಲಿ ಬೀದಿ ಬೀದಿಗೆ ಮೆಸ್ಕೀಟ್ ಮರ. ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ನೆಂಟ. ಅದರ ಕಾಯಿಯನ್ನು ಇಲ್ಲಿಯ ಮೂಲನಿವಾಸಿಗಳು ಹಿಂದಿನಿಂದಲೂ ಹಿಟ್ಟು ಮಾಡಿ ತಿನ್ನುತ್ತಾರೆ. ಹಿಟ್ಟೇ ಸಿಹಿ. ಮೊದಲ ಸಲ ಕಾಯಿ ಸರಿಯಾಗಿ ಒಣಗದೆ ಮಿಕ್ಸಿ ಬ್ಲೇಡಿಗೆ ಅಂಟಿನ ಹಾಗೆ ಮೆತ್ತಿಕೊಂಡಿತು. ಬಗ್ಗಿಸಿದರೆ ಮುರಿಯುವಷ್ಟು ಒಣಗಿಸಿ ಜರಡಿ ಹಿಡಿದೆ, ಹುರಿಗಡಲೆ ಹಿಟ್ಟಿಗೆ ಸೇರಿಸಿ ತಂಬಿಟ್ಟು ಕಟ್ಟಿದೆ. ಬೆಲ್ಲ ಅರ್ಧ ಸಾಕಾಯಿತು. ಮಳೆಗೆ ಮುಂಚೆ ಮರದಿಂದಲೇ ಕಿತ್ತುಕೊಳ್ಳಿ. ನೆಲಕ್ಕೆ ಬಿದ್ದಿದ್ದು ಬೇಡ, ಬೂಷ್ಟಿನ ಭಯ.

ಮಣ್ಣಿನ ಹೂಜಿಯೂ ಜೂನ್‌ನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಹೊಳಪು ಬಳಿಯದ ಮಡಕೆ ಆಗಬೇಕು. ಅದರೊಳಗಿನ ಮಜ್ಜಿಗೆ ಕುಡಿದವರು ಫ್ರಿಜ್ಜಿನ ಕಡೆ ಹೋಗುವುದಿಲ್ಲ. ಜುಲೈನಲ್ಲಿ ಮಾನ್ಸೂನಿನ ತೇವ ಗಾಳಿಗೆ ಬಂದ ಮೇಲೆ ನೀರು ಅಷ್ಟು ತಣ್ಣಗಾಗುವುದಿಲ್ಲ.

ಬಾಳಕದ ಮೆಣಸಿನಕಾಯಿ ಮಾತ್ರ ಇನ್ನೂ ಪೂರ್ತಿ ಕೈಗೆ ಬಂದಿಲ್ಲ. ಇಲ್ಲಿ ಸಿಗುವ ಮೆಕ್ಸಿಕೋದ ಮೆಣಸಿನಕಾಯಿಗಳಲ್ಲಿ ಹಾಲಪೀನ್ಯೊಗೆ ತಿರುಳು ಜಾಸ್ತಿ, ಒಣಗಿದರೆ ಚರ್ಮದ ಹಾಗೆ ಜಗ್ಗುತ್ತದೆ. ಸೆರಾನೊ ವಾಸಿ. ಆದರೆ ಹಗಲೆಲ್ಲ ಹೊರಗಿಟ್ಟರೆ ಸಂಜೆಗೆ ಕಾಗದವಾಗಿ, ಮತ್ತೆ ಮಜ್ಜಿಗೆ ಹೀರುವುದಿಲ್ಲ. ಈ ವರ್ಷ ದಿನಕ್ಕೆ ಮೂರು ಗಂಟೆ ನೆರಳು ಮಾತ್ರ ಕೊಟ್ಟು, ಐದು ರಾತ್ರಿ ಹುಳಿ ಮಜ್ಜಿಗೆಯಲ್ಲಿ ನೆನೆಸುತ್ತಿದ್ದೇನೆ. ಇವತ್ತಿಗೆ ಮೂರನೇ ರಾತ್ರಿ. ಬಟ್ಟಲಲ್ಲಿ ಮಜ್ಜಿಗೆ ಅರ್ಧಕ್ಕೆ ಇಳಿದಿದೆ.